ಬಿಸ್ಕತ್ತು ಕೊಡದೆ ಮಾರ್ಮೋಟ್ ನೋಡುವುದು: ಚಾಂಗ್‌ಥಾಂಗ್‌ನಲ್ಲಿ ನನ್ನ ಅನುಭವ

ಲಡಾಖ್‌ಗೆ ಹೋಗಿ ಬಂದವರ ಫೋನಿನಲ್ಲಿ ಪ್ಯಾಂಗಾಂಗ್ ಸರೋವರದ ನೀಲಿ ನೀರಿನ ಜೊತೆಗೆ ಇನ್ನೊಂದು ಫೋಟೋ ಇದ್ದೇ ಇರುತ್ತದೆ. ದಪ್ಪಗಿನ, ಕಂದು ಬಣ್ಣದ ಒಂದು ಪ್ರಾಣಿ ಹಿಂಗಾಲಿನ ಮೇಲೆ ನಿಂತು ಯಾರದೋ ಕೈಯಿಂದ ಬಿಸ್ಕತ್ತು ಕಿತ್ತುಕೊಳ್ಳುತ್ತಿರುವ ಫೋಟೋ. ಅದೇ ಮಾರ್ಮೋಟ್. ತಾಂಗ್ಸೆ ದಾಟಿ ಪ್ಯಾಂಗಾಂಗ್ ಕಡೆಗೆ ಹೋಗುವಾಗ ಆ ಜಾಗ ಬಂದ ಕೂಡಲೇ ಟ್ಯಾಕ್ಸಿಯವರು ತಾವಾಗಿಯೇ ಗಾಡಿ ನಿಲ್ಲಿಸುತ್ತಾರೆ.

ಆ ಫೋಟೋ ನೋಡಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಅಲ್ಲಿ ಕಾಣುವುದು ರಸ್ತೆ ಬದಿಯಲ್ಲಿ ತಿಂಡಿಗೆ ಕಾಯುವ ಪ್ರಾಣಿ. ಅದು ಏನು ಮೇಯುತ್ತದೆ, ಯಾರಿಗೆ ಹೆದರುತ್ತದೆ, ಮರಿಗಳ ಜೊತೆ ಹೇಗಿರುತ್ತದೆ ಎಂಬುದು ಒಂದೂ ಗೊತ್ತಾಗುವುದಿಲ್ಲ. ಅದನ್ನೆಲ್ಲ ನೋಡಬೇಕಾದರೆ ಬಿಸ್ಕತ್ತಿನ ರುಚಿ ಗೊತ್ತಿಲ್ಲದ ಮಾರ್ಮೋಟ್‌ಗಳ ಹತ್ತಿರ ಹೋಗಬೇಕು. ಹತ್ತಿರ ಅಂದರೂ ತಪ್ಪೇ, ಅವುಗಳಿಂದ ಸಾಕಷ್ಟು ದೂರದಲ್ಲಿ ಕೂರಬೇಕು. ಕೆಲವು ವರ್ಷಗಳಿಂದ ಬೇಸಿಗೆ ಬಂದರೆ ನಾನು ಮಾಡುತ್ತಿರುವುದು ಇದನ್ನೇ. ಹೇಗೆ ಮಾಡುತ್ತೇನೆ, ಏನೇನು ಕಂಡೆ ಅಂತ ಬರೆದರೆ ಇನ್ನೊಂದಿಬ್ಬರಾದರೂ ಹಾಗೆ ಕೂತು ನೋಡಿಯಾರು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಲಡಾಖ್‌ನ ಪೂರ್ವಕ್ಕಿರುವ ಎತ್ತರದ ಬಯಲು ಚಾಂಗ್‌ಥಾಂಗ್‌ಗೆ ನಾನು ಹೋಗಲು ಶುರು ಮಾಡಿದ್ದು ಹಕ್ಕಿಗಳಿಗಾಗಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೀವೂ ನೋಡಿರಬಹುದು. ಅವು ಮೊಟ್ಟೆ ಇಟ್ಟು ಮರಿ ಮಾಡುವುದು ಲಡಾಖ್, ಟಿಬೆಟ್, ಮಂಗೋಲಿಯಾದ ಎತ್ತರದ ಸರೋವರಗಳ ಬಳಿ. ಆ ಜಾಗ ನೋಡಬೇಕು ಅಂತ ಸೋ ಮೊರಿರಿ, ಸೋ ಕರ್ ಸರೋವರಗಳಿಗೆ ಹೋದೆ. ದಡದಲ್ಲಿ ಬೈನಾಕ್ಯುಲರ್ ಹಿಡಿದು ಕೂತರೆ ಬೆನ್ನ ಹಿಂದಿನ ಗುಡ್ಡದಿಂದ ಬಿಟ್ಟೂ ಬಿಡದೆ ಸಿಳ್ಳೆ. ತಿರುಗಿ ನೋಡಿದರೆ ಮಣ್ಣಿನ ಗುಡ್ಡೆಯ ಮೇಲೆ ಒಂದು ಮಾರ್ಮೋಟ್ ಕೂತು ನನ್ನನ್ನೇ ನೋಡುತ್ತಿತ್ತು. ಆಮೇಲೆ ಹೆಬ್ಬಾತುಗಳಿಗಿಂತ ಅದನ್ನೇ ಜಾಸ್ತಿ ನೋಡಿದೆ.

ಮಾರ್ಮೋಟ್ ಅಳಿಲಿನ ಕುಟುಂಬದ್ದು. ನಮ್ಮ ಪಶ್ಚಿಮ ಘಟ್ಟದ ಕೆಂದಳಿಲಿಗೂ ಇದಕ್ಕೂ ದೂರದ ನೆಂಟಸ್ತಿಕೆ ಇದೆ. ಅದು ಮರದ ತುದಿಯಿಂದ ಕೆಳಗೆ ಇಳಿಯುವುದೇ ಅಪರೂಪ. ಇದು ಮರವೇ ಇಲ್ಲದ ಕಡೆ ನೆಲದೊಳಗೆ ಮನೆ ಮಾಡಿಕೊಂಡಿದೆ. ಜಗತ್ತಿನಲ್ಲಿ ಸುಮಾರು 15 ಜಾತಿಯ ಮಾರ್ಮೋಟ್‌ಗಳಿವೆ. ಲಡಾಖ್‌ನಲ್ಲಿ ಸಿಗುವುದು ಎರಡು. ಪೂರ್ವದ ಚಾಂಗ್‌ಥಾಂಗ್ ಬಯಲಲ್ಲಿ ಇರುವುದು ಹಿಮಾಲಯದ ಮಾರ್ಮೋಟ್. ಬೆನ್ನು ಗಾಢ ಕಂದು, ಮುಖದಲ್ಲೂ ಎದೆಯಲ್ಲೂ ಹಳದಿ, ಬಾಲ ಗಿಡ್ಡ. ಪಶ್ಚಿಮಕ್ಕೆ ದ್ರಾಸ್, ಸುರು ಕಣಿವೆ ಕಡೆ ಹೋದರೆ ಕೆಂಪು ಮಿಶ್ರಿತ ಹೊಂಬಣ್ಣದ, ಉದ್ದ ಬಾಲದ ಇನ್ನೊಂದು ಜಾತಿ ಸಿಗುತ್ತದೆ. ನಾನು ಹೇಳುತ್ತಿರುವುದು ಮೊದಲನೆಯದರ ಬಗ್ಗೆ. ವಸಂತದಲ್ಲಿ ಬಿಲದಿಂದ ಹೊರಬಂದಾಗ ನಾಲ್ಕೈದು ಕಿಲೋ ಇದ್ದದ್ದು ಬೇಸಿಗೆಯ ಕೊನೆಗೆ ಒಂಬತ್ತು ಕಿಲೋವರೆಗೂ ತೂಗುತ್ತದೆ. ಅಷ್ಟು ಭಾರದ ಪ್ರಾಣಿ ಇಲಿ, ಅಳಿಲುಗಳ ಸಾಲಿಗೆ ಸೇರುತ್ತದೆ ಅಂದರೆ ನಂಬುವುದು ಕಷ್ಟ. ಆದರೆ ಅದು ಬಾಯಿ ತೆರೆದಾಗ ಮುಂದಿನ ಎರಡು ಉದ್ದ ಹಲ್ಲು ನೋಡಿದರೆ ಅನುಮಾನ ಉಳಿಯುವುದಿಲ್ಲ. ಆ ಹಲ್ಲುಗಳು ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ, ಕಡಿದೂ ಕಡಿದೂ ಸವೆಯುತ್ತಲೇ ಇರುತ್ತವೆ.

ಹೋಗುವ ಮೊದಲು ಎತ್ತರದ ಬಗ್ಗೆ ಒಂದು ಮಾತು. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಲೇಹ್ ಪಟ್ಟಣವೇ 3,500 ಮೀಟರ್. ಸೋ ಮೊರಿರಿ 4,500 ಮೀಟರ್ ದಾಟುತ್ತದೆ. ಹಾಗಾಗಿ ವಿಮಾನ ಇಳಿದ ಮೇಲೆ ಲೇಹ್‌ನಲ್ಲಿ ಎರಡು ಮೂರು ದಿನ ಸುಮ್ನೆ ಇರಲೇಬೇಕು. ನೀರು ಕುಡಿಯಬೇಕು, ಮೆಲ್ಲಗೆ ನಡೆಯಬೇಕು. ಮಾತ್ರೆ ಬೇಕೋ ಬೇಡವೋ ಅಂತ ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಕೇಳಿಕೊಳ್ಳಿ. ಸರೋವರಗಳ ಕಡೆಗೆ ಹೋಗಲು ಪರ್ಮಿಟ್ ಬೇಕೋ ಬೇಡವೋ ಅಂತ ಲೇಹ್‌ನಲ್ಲೇ ವಿಚಾರಿಸಿಕೊಳ್ಳಿ.

ಇನ್ನು ಜಾಗ ಹುಡುಕುವುದು. ಮಾರ್ಮೋಟ್ ಬೇಕಾದರೆ ನಾನು ಮೊದಲು ಹುಡುಕುವುದು ಹಸಿರನ್ನು. ಚಾಂಗ್‌ಥಾಂಗ್ ಬಹುಪಾಲು ಬೋಳು ಮಣ್ಣು, ಕಲ್ಲು. ಹಿಮ ಕರಗಿದ ನೀರು ಹರಿಯುವ ಕಡೆ ಮಾತ್ರ ಹುಲ್ಲು. ಆ ಹುಲ್ಲಿನ ಪಟ್ಟಿಯ ಮೇಲ್ಗಡೆ, ಬಿಸಿಲು ಚೆನ್ನಾಗಿ ಬೀಳುವ ಇಳಿಜಾರಿನಲ್ಲಿ ಬೈನಾಕ್ಯುಲರ್ ಓಡಿಸಿದರೆ ಮಣ್ಣಿನ ಗುಡ್ಡೆಗಳು ಕಾಣುತ್ತವೆ. ಬಿಲ ತೋಡಿದಾಗ ಹೊರಗೆ ತಳ್ಳಿದ ಮಣ್ಣು ಅದು. ಒಂದೇ ಬಿಲವನ್ನು ಮಕ್ಕಳು ಮೊಮ್ಮಕ್ಕಳ ಕಾಲದವರೆಗೂ ಬಳಸುವುದರಿಂದ ಆ ಗುಡ್ಡೆ ದೊಡ್ಡದಾಗುತ್ತಾ ಹೋಗುತ್ತದೆ. ಅದರ ಮೇಲೆ ಕೂತರೆ ಕಣಿವೆ ಪೂರ್ತಿ ಕಾಣುತ್ತದೆ. ಕಾವಲು ಕೂರುವುದೂ ಅಲ್ಲೇ, ಬಿಸಿಲು ಕಾಯಿಸುವುದೂ ಅಲ್ಲೇ.

ಬಿಲಗಳಲ್ಲಿ ಎರಡು ಬಗೆ. ಒಂದು ಮನೆ. ಅದು ಆಳಕ್ಕೆ ಹೋಗುತ್ತದೆ, ಎರಡು ಮೀಟರ್‌ನಿಂದ ಹತ್ತು ಮೀಟರ್‌ವರೆಗೂ ಇರುವುದುಂಟು. ಇನ್ನೊಂದು ಬಗೆಯ ಬಿಲ ಮೇಯುವ ಹುಲ್ಲಿನ ನಡುವೆ ಅಲ್ಲಲ್ಲಿ ಇರುತ್ತದೆ. ಚಿಕ್ಕದು, ಆಳ ಕಮ್ಮಿ. ಹದ್ದು ಎರಗಿದಾಗ ತಟ್ಟನೆ ನುಗ್ಗಲು ಮಾಡಿಕೊಂಡದ್ದು. ಒಂದರಿಂದ ಇನ್ನೊಂದಕ್ಕೆ ಓಡಾಡಿ ಓಡಾಡಿ ಹುಲ್ಲಿನಲ್ಲಿ ಸಣ್ಣ ಕಾಲುದಾರಿ ಬಿದ್ದಿರುತ್ತದೆ. ನಾನು ಆ ದಾರಿಗಳನ್ನು ದೂರದಿಂದಲೇ ನೋಡಿ ನೋಟ್‌ಬುಕ್ಕಿನಲ್ಲಿ ಒಂದು ಒರಟು ನಕ್ಷೆ ಬರೆದುಕೊಳ್ಳುತ್ತೇನೆ. ಯಾವ ಬಿಲ ಮನೆ, ಯಾವುದು ಅಡಗುತಾಣ, ಹುಲ್ಲು ಎಲ್ಲಿ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ. ಈ ನಕ್ಷೆ ಬರೆಯದೆ ನಾನು ಕೂರುವುದೇ ಇಲ್ಲ. ಮಾರ್ಮೋಟಿಗೂ ಅದರ ಬಿಲಕ್ಕೂ ನಡುವೆ ಮನುಷ್ಯ ಕೂತರೆ ಕತೆ ಮುಗಿಯಿತು. ಅದು ಮೇಯುವುದಿಲ್ಲ, ಹೊರಗೇ ಬರುವುದಿಲ್ಲ. ಬೇಸಿಗೆ ಅಲ್ಲಿ ಎಷ್ಟು ಚಿಕ್ಕದು ಅಂದರೆ, ನಮ್ಮಿಂದ ಅದು ಒಂದು ಹೊತ್ತಿನ ಮೇವು ಕಳೆದುಕೊಂಡರೂ ನಷ್ಟವೇ.

ಬಿಲದಲ್ಲಿ ಈಗ ವಾಸ ಇದೆಯಾ ಅಂತ ತಿಳಿಯುವುದು ಸುಲಭ. ಬಾಯಿಯಲ್ಲಿ ಹಸಿ ಮಣ್ಣು ಬಿದ್ದಿರುತ್ತದೆ, ಹೊಸ ಹಿಕ್ಕೆ ಇರುತ್ತದೆ, ಅಂಚು ಉಜ್ಜಿ ನುಣ್ಣಗಾಗಿರುತ್ತದೆ. ಅಂಚಿನ ಕಲ್ಲಿಗೆ ಒಂದೆರಡು ಕಂದು ಕೂದಲು ಅಂಟಿಕೊಂಡಿರುವುದೂ ಉಂಟು. ಜೇಡರ ಬಲೆ ಕಟ್ಟಿದ್ದರೆ ಪಾಳು ಬಿಲ ಅಂತ ಅರ್ಥ. ಪಾಳು ಬಿಲವೂ ಖಾಲಿ ಅಂತ ತಿಳಿಯಬೇಡಿ. ನರಿ ಸೇರಿಕೊಂಡಿರಬಹುದು. ಕೈ ಹಾಕುವುದು, ಟಾರ್ಚ್ ಬಿಟ್ಟು ಇಣುಕುವುದು ಬೇಡವೇ ಬೇಡ.

ಒಂದು ಸಲ ಪಶ್ಮೀನಾ ಮೇಕೆ ಮೇಯಿಸುತ್ತಿದ್ದ ಚಾಂಗ್‌ಪಾ (ಅಲ್ಲಿನ ಅಲೆಮಾರಿ ಕುರುಬರು) ಅಜ್ಜ ನಾನು ಕೂತ ಜಾಗ ನೋಡಿ ನಿಂತರು. ಅಲ್ಲಿ ಹಿರಿಯ ಗಂಡಸರನ್ನು ಮೇಮೆ-ಲೆ ಅಂತ ಕರೆಯುತ್ತಾರೆ. 'ಜುಲೇ ಮೇಮೆ-ಲೆ' ಅಂದೆ. ಅವರು ಕೈ ತೋರಿಸಿ, ಬೆಳಿಗ್ಗೆ ಇಲ್ಲಿ ಕೂತರೆ ಸರಿ, ಮಧ್ಯಾಹ್ನದ ಮೇಲೆ ಗಾಳಿ ತಿರುಗುತ್ತದೆ, ಆಗ ಆ ಬಂಡೆಯ ಆಚೆಗೆ ಹೋಗು ಅಂತ ಹರಕು ಮುರುಕು ಹಿಂದಿಯಲ್ಲಿ ಹೇಳಿದರು. ನನ್ನ ನಕ್ಷೆಗೆ ಅವರ ಆ ಒಂದು ಗೆರೆ ಸೇರಿದ ಮೇಲೆ ಅದು ಪೂರ್ತಿಯಾಯಿತು. ಆ ಎರಡು ಜಾಗಗಳಲ್ಲಿ ಕೂತೇ ನಾನು ಮುಂದೆ ಹೇಳುವುದನ್ನೆಲ್ಲ ನೋಡಿದ್ದು.

ನಾನು ಕೂರುವುದು ಹೀಗೆ. ಬಿಸಿಲು ಬಿಲದ ಮೇಲೆ ಬೀಳುವ ಮೊದಲೇ ಜಾಗ ಸೇರುತ್ತೇನೆ. ಮಣ್ಣಿನ ಬಣ್ಣದ ಬಟ್ಟೆ. ನಿಲ್ಲುವುದಿಲ್ಲ, ನೆಲಕ್ಕೆ ತಗ್ಗಿ ಕೂರುತ್ತೇನೆ, ಬೆನ್ನಿಗೆ ಒಂದು ಬಂಡೆ ಇರುವ ಹಾಗೆ. ನಮ್ಮ ಆಕಾರ ಆಕಾಶಕ್ಕೆ ಎದುರಾಗಿ ಎದ್ದು ಕಾಣಬಾರದು. ಮಾರ್ಮೋಟಿನ ಕಣ್ಣು ತಲೆಯ ಮೇಲ್ಭಾಗದಲ್ಲಿ, ಎರಡು ಬದಿಗೆ ಇವೆ. ಬಗ್ಗಿ ಹುಲ್ಲು ಕಡಿಯುವಾಗಲೂ ಅದಕ್ಕೆ ಆಕಾಶ ಕಾಣುತ್ತಿರುತ್ತದೆ. ಆದ್ದರಿಂದ ಅಡಗಿ ಹತ್ತಿರ ಹೋಗಿ ಬಿಡುತ್ತೇನೆ ಅನ್ನುವುದು ನಡೆಯದ ಮಾತು. ನಾನು ಅಡಗುವುದೇ ಇಲ್ಲ. ಅದಕ್ಕೆ ಕಾಣುವ ಹಾಗೆಯೇ, ಆದರೆ ದೂರದಲ್ಲಿ, ಅಲ್ಲಾಡದೆ ಕೂರುತ್ತೇನೆ. ಮೊದಲು ಸಿಳ್ಳೆ ಹೊಡೆಯುತ್ತದೆ. ತೀಕ್ಷ್ಣವಾದ, ಹಕ್ಕಿ ಕೂಗಿದಂಥ ಸದ್ದು, ಒಂದರ ಹಿಂದೆ ಒಂದು. ಪ್ರತಿ ಕೂಗಿಗೂ ಬಾಲ ಮೇಲಕ್ಕೆ ಚಿಮ್ಮುತ್ತದೆ. ಕಣಿವೆಯಲ್ಲಿದ್ದ ಎಲ್ಲ ಮಾರ್ಮೋಟ್‌ಗಳೂ ಬಿಲದ ಬಾಯಿಗೆ ಬಂದು ನಿಲ್ಲುತ್ತವೆ. ನಾವು ಆಗ ಏಳಬಾರದು, ಕ್ಯಾಮೆರಾ ತಿರುಗಿಸಬಾರದು. ಹೊತ್ತು ಕಳೆದ ಹಾಗೆ ಕೂಗು ವಿರಳವಾಗುತ್ತದೆ, ನಿಲ್ಲುತ್ತದೆ. ಅಲ್ಲಿಂದ ಮುಂದೆ ನಿಜವಾದ ದಿನಚರಿ ಶುರು. ಸಿಳ್ಳೆ ನಿಲ್ಲದಿದ್ದರೆ ನಾವು ಜಾಸ್ತಿ ಹತ್ತಿರ ಇದ್ದೇವೆ ಅಂತ. ಮೆಲ್ಲಗೆ ಎದ್ದು ಹಿಂದಕ್ಕೆ ಹೋಗಬೇಕು.

ಬೆಳಗಿನ ಹೊತ್ತು ನೋಡುವುದಕ್ಕೆ ಅತ್ಯಂತ ಚಂದ. ಬಿಸಿಲು ಬಿದ್ದ ಮೇಲೆ ಮೊದಲು ಒಂದು ತಲೆ ಬಿಲದ ಬಾಯಲ್ಲಿ ಕಾಣುತ್ತದೆ. ಮೂಗಿನ ಹತ್ತಿರ ಕಪ್ಪು, ಕೆನ್ನೆ ಹಳದಿ. ತಲೆ ಮಾತ್ರ ಹೊರಗಿಟ್ಟು ಬಹಳ ಹೊತ್ತು ಹಾಗೇ ಇರುತ್ತದೆ. ಆಮೇಲೆ ಪೂರ್ತಿ ಹೊರಬಂದು ಗುಡ್ಡೆಯ ಮೇಲೆ ರೊಟ್ಟಿಯ ಹಾಗೆ ಚಪ್ಪಟೆಯಾಗಿ ಮಲಗಿಕೊಳ್ಳುತ್ತದೆ. ಹಿಂದೆಯೇ ಇನ್ನೊಂದು ಬರುತ್ತದೆ. ಎರಡೂ ಮೂಗಿಗೆ ಮೂಗು ತಾಗಿಸುತ್ತವೆ, ಕೆನ್ನೆಯನ್ನು ಮೂಸುತ್ತವೆ. ಮನೆಯವರೋ ಹೊರಗಿನವರೋ ಎಂದು ತಿಳಿಯುವುದು ವಾಸನೆಯಿಂದ. ಅಪ್ಪ, ಅಮ್ಮ, ಈ ವರ್ಷದ ಮರಿಗಳು, ಹೋದ ವರ್ಷದ ಮರಿಗಳು ಎಲ್ಲ ಒಂದೇ ಬಿಲದಲ್ಲಿ ಇರುವುದುಂಟು.

ಮರಿಗಳು ಮೇಲೆ ಬರುವುದು ಬೇಸಿಗೆಯ ನಡುವೆ. ವಸಂತದಲ್ಲಿ ಎದ್ದ ಕೂಡಲೇ ಜೋಡಿಯಾಗುತ್ತವೆ, ಸುಮಾರು ಒಂದು ತಿಂಗಳ ಬಸಿರು. ಹುಟ್ಟಿದಾಗ ಕಣ್ಣು ಮುಚ್ಚಿರುತ್ತದೆ, ಮೈಮೇಲೆ ಕೂದಲಿರುವುದಿಲ್ಲ. ಹಾಗಾಗಿ ಮೊದಲ ವಾರಗಳೆಲ್ಲ ನೆಲದೊಳಗೇ. ಮೊದಲ ಸಲ ಹೊರಬಂದ ಮರಿಯನ್ನು ನಾನು ಹತ್ತಿರದಿಂದ, ಅಂದರೆ ಉದ್ದನೆಯ ಲೆನ್ಸಿನ ಒಳಗಿಂದ, ನೋಡಿದ್ದೇನೆ. ಅದರ ಮೈಬಣ್ಣ ದೊಡ್ಡವುಗಳಿಗಿಂತ ತೆಳು ಬೂದು. ಬಿಲದ ಅಂಚಿನಲ್ಲಿದ್ದ ಒಂದು ಸಣ್ಣ ಹಳದಿ ಹೂವನ್ನು ಮುಂಗಾಲುಗಳಲ್ಲಿ ಹಿಡಿದು, ತೊಟ್ಟಿನ ಕಡೆಯಿಂದ ಕಡಿಯಲು ನೋಡಿತು. ಹೂವು ಜಾರಿ ಬಿತ್ತು. ಮತ್ತೆ ಎತ್ತಿಕೊಂಡಿತು. ತಿಂದು ಮುಗಿಸುವ ತನಕ ತಾಯಿ ಪಕ್ಕದಲ್ಲೇ ಕೂತು ಕಣಿವೆಯ ಕೆಳಗನ್ನೇ ನೋಡುತ್ತಿತ್ತು. ಸ್ವಲ್ಪ ದೊಡ್ಡವಾದ ಮರಿಗಳು ಹಿಂಗಾಲಿನ ಮೇಲೆ ನಿಂತು, ಒಂದರ ಭುಜಕ್ಕೆ ಇನ್ನೊಂದು ಕೈ ಕೊಟ್ಟು ತಳ್ಳಾಡುತ್ತವೆ. ಗಟ್ಟಿಯಾಗಿ ಕಿರುಚುತ್ತವೆ, ಉರುಳಿ ಬೀಳುತ್ತವೆ, ಮತ್ತೆ ಎದ್ದು ಬರುತ್ತವೆ. ದೊಡ್ಡವೂ ಹೀಗೆ ಕುಸ್ತಿ ಮಾಡುತ್ತವೆ, ಆದರೆ ಅದು ಕೆಲವು ಸಲ ಆಟವಲ್ಲ. ಹೊರಗಿನದು ಬಂದರೆ ಹಲ್ಲು ಕಚ್ಚಿ ಅಟ್ಟಿಸುವುದನ್ನೂ ನೋಡಿದ್ದೇನೆ.

ಮಧ್ಯಾಹ್ನ ಬಿಸಿಲು ಏರಿದಾಗ ಎಲ್ಲ ಒಳಗೆ ಹೋಗುತ್ತವೆ. ಅಷ್ಟು ತಣ್ಣನೆಯ ನಾಡಿನಲ್ಲೂ ಆ ದಪ್ಪ ತುಪ್ಪಳಕ್ಕೆ ನೇರ ಬಿಸಿಲು ಸೆಕೆ. ನಾನೂ ಆ ಹೊತ್ತಿನಲ್ಲಿ ಬುತ್ತಿ ಬಿಚ್ಚುತ್ತೇನೆ, ಒಂದು ಅಗುಳೂ ಬೀಳದ ಹಾಗೆ.

ಒಂದು ಬೆಳಿಗ್ಗೆ ಕೂಗು ಬೇರೆ ಥರ ಕೇಳಿಸಿತು. ಒಂದೇ ಉಸಿರಿನ ಕಿರು ಕೂಗು, ಅಷ್ಟರಲ್ಲಿ ಗುಡ್ಡದ ಮೇಲೆ ಒಂದೂ ಇಲ್ಲ. ತಲೆ ಎತ್ತಿದರೆ ಹೊಂಬಣ್ಣದ ಹದ್ದು, ಬೆಟ್ಟದ ಅಂಚು ಹಿಡಿದು ತೀರಾ ತಗ್ಗಿನಲ್ಲಿ ಬಂದು ದಾಟಿ ಹೋಯಿತು. ಇನ್ನೊಂದು ಸಲ ತೋಳವೊಂದು ಕಣಿವೆಯ ಕೆಳಗೆ ನಡೆದು ಹೋಗುತ್ತಿತ್ತು. ಆಗ ಯಾವುದೂ ಬಿಲ ಹೊಗಲಿಲ್ಲ. ಬಾಯಿಯಲ್ಲಿ ನಿಂತು, ತೋಳ ಕಣ್ಮರೆ ಆಗುವ ತನಕ ಒಂದಾದ ಮೇಲೊಂದು ಕೂಗಿದವು. ತೋಳ ಒಂದು ಸಲವೂ ಈ ಕಡೆ ತಿರುಗಲಿಲ್ಲ. ಎಲ್ಲರೂ ನೋಡಿಬಿಟ್ಟ ಮೇಲೆ ಬೇಟೆ ಸಿಗುವುದಿಲ್ಲ ಅಂತ ಅದಕ್ಕೂ ಗೊತ್ತಿರಬೇಕು. ಹಿಮಚಿರತೆಗೂ ಬೇಸಿಗೆಯಲ್ಲಿ ಮಾರ್ಮೋಟ್ ಒಂದು ಮುಖ್ಯ ಆಹಾರ. ಚಳಿಗಾಲದಲ್ಲಿ ಅದು ಇವನ್ನು ನೆಚ್ಚಿಕೊಳ್ಳುವ ಹಾಗಿಲ್ಲ, ಇವೆಲ್ಲ ನೆಲದೊಳಗೆ ಇರುತ್ತವೆ.

ಇವು ಮಣ್ಣು ತೋಡುವುದನ್ನು ನೋಡುವಾಗ ನನಗೆ ಮಹಾಭಾರತದ ಸಭಾಪರ್ವ ನೆನಪಾಗುತ್ತದೆ. ಧರ್ಮರಾಯನ ರಾಜಸೂಯಕ್ಕೆ ಖಸರು, ಕುಲಿಂದರು, ತಂಗಣರು ಪಿಪೀಲಿಕ ಚಿನ್ನವನ್ನು, ಅಂದರೆ ಇರುವೆಗಳು ಅಗೆದು ತೆಗೆದ ಚಿನ್ನವನ್ನು, ಕಾಣಿಕೆ ತಂದರು ಅಂತ ಅಲ್ಲಿ ಬರುತ್ತದೆ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಕೂಡ ಭಾರತದ ಉತ್ತರದಲ್ಲಿ ನರಿಗಿಂತ ದೊಡ್ಡ ಇರುವೆಗಳು ಚಿನ್ನದ ಮಣ್ಣನ್ನು ಹೊರಹಾಕುತ್ತವೆ ಅಂತ ಬರೆದಿದ್ದ. ಫ್ರಾನ್ಸಿನ ಅನ್ವೇಷಕ ಮಿಶೆಲ್ ಪೆಸ್ಸೆಲ್ 1980ರ ದಶಕದಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಸಿಂಧೂ ಕಣಿವೆಯ ಮಿನಾರೋ ಜನ, ತಮ್ಮ ಹಿಂದಿನವರು ಮಾರ್ಮೋಟ್ ಬಿಲದ ಮಣ್ಣಿನಿಂದ ಚಿನ್ನದ ಪುಡಿ ಆರಿಸುತ್ತಿದ್ದರು ಅಂತ ಅವರಿಗೆ ಹೇಳಿದ್ದರಂತೆ. ಎಲ್ಲರೂ ಒಪ್ಪಿದ ಮಾತಲ್ಲ ಇದು. ಆದರೆ ಮುಂಗಾಲಿನಲ್ಲಿ ಮಣ್ಣು ಸಡಿಲಿಸಿ, ಹಿಂಗಾಲಿನಲ್ಲಿ ಒದ್ದು, ಕೊನೆಗೆ ಎದೆ ಕೊಟ್ಟು ತಳ್ಳುವುದನ್ನು ಒಮ್ಮೆ ನೋಡಿದರೆ, ನೆಲದ ಆಳದಲ್ಲಿ ಏನಿದ್ದರೂ ಇದು ಹೊರಗೆ ತಂದೀತು ಅಂತ ನನಗಂತೂ ಅನ್ನಿಸುತ್ತದೆ.

ಸೆಪ್ಟೆಂಬರ್‌ನಲ್ಲಿ ಹೋದರೆ ಬೇರೆಯದೇ ನೋಟ. ಹುಲ್ಲು ಹಳದಿಯಾಗಿರುತ್ತದೆ. ಮಾರ್ಮೋಟ್ ನಡೆಯುವಾಗ ಹೊಟ್ಟೆ ನೆಲಕ್ಕೆ ತಾಗುತ್ತದೆ. ಆಗ ಅವು ಆಟ ಆಡುವುದು ಕಮ್ಮಿ, ಮೇಯುವುದೇ ಕೆಲಸ. ಒಣ ಹುಲ್ಲನ್ನು ಬಾಯಿ ತುಂಬ ಕಚ್ಚಿಕೊಂಡು, ಎರಡು ಬದಿಗೂ ಮೀಸೆಯಂತೆ ಚಾಚಿದ ಹುಲ್ಲಿನೊಂದಿಗೆ ಬಿಲಕ್ಕೆ ಓಡುತ್ತವೆ. ಅದು ತಿನ್ನಲಿಕ್ಕಲ್ಲ, ಹಾಸಲಿಕ್ಕೆ. ಚಳಿ ಬಿದ್ದ ಮೇಲೆ ಇಡೀ ಕುಟುಂಬ ಒಳಗೆ ಸೇರಿ, ಬಿಲದ ಬಾಯನ್ನು ಮಣ್ಣು ಕಲ್ಲುಗಳಿಂದ ಒಳಗಿನಿಂದ ಮುಚ್ಚಿಕೊಳ್ಳುತ್ತದೆ. ಮುಂದಿನ ಆರು ತಿಂಗಳಿಗೂ ಜಾಸ್ತಿ ಊಟ ಇಲ್ಲ, ನೀರಿಲ್ಲ.

ಆ ನಿದ್ದೆಯನ್ನು ಹೊರಗೆ ಕೂತು ನೋಡಲು ಸಾಧ್ಯವಿಲ್ಲ. ಯುರೋಪಿನ ಆಲ್ಪ್ಸ್ ಬೆಟ್ಟಗಳ ಮಾರ್ಮೋಟ್‌ಗಳ ಮೇಲೆ ನಡೆದ ಅಧ್ಯಯನಗಳಿಂದ ಅದರ ಒಳಗುಟ್ಟು ತಿಳಿದಿದೆ. ನಮ್ಮಷ್ಟೇ ಬಿಸಿ ಇರುವ ಮೈ ಸುಮಾರು 5 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಬಡಿಯುವ ಹೃದಯ ಕೆಲವೇ ಸಲ ಬಡಿಯುತ್ತದೆ. ಒಂದೆರಡು ವಾರಕ್ಕೊಮ್ಮೆ ಮೈ ಬಿಸಿ ಮಾಡಿಕೊಂಡು ಎಚ್ಚರವಾಗಿ, ಮತ್ತೆ ತಣ್ಣಗಾಗುತ್ತವೆ. ಹಾಗೆ ಎಚ್ಚರವಾಗುವುದಕ್ಕೇ ಕೊಬ್ಬು ಜಾಸ್ತಿ ಖರ್ಚು. ಒಟ್ಟಿಗೆ ಒತ್ತಿಕೊಂಡು ಮಲಗುವುದರಿಂದ ದೊಡ್ಡವುಗಳ ಬಿಸಿ ಮರಿಗಳಿಗೆ ಸಿಗುತ್ತದೆ. ಮರಿ ಮೊದಲ ಚಳಿಗಾಲ ದಾಟುವುದು ಬಹುಮಟ್ಟಿಗೆ ಪಕ್ಕದಲ್ಲಿ ಎಷ್ಟು ಜನ ಮಲಗಿದ್ದಾರೆ ಎಂಬುದರ ಮೇಲೆ.

ಇನ್ನೊಂದು ವಿಷಯ ತಿಳಿದ ಮೇಲಂತೂ ಬಿಸ್ಕತ್ತಿನ ಪೊಟ್ಟಣ ನೋಡಿದರೆ ನನಗೆ ಸಂಕಟ. ಚಳಿನಿದ್ದೆ ಸರಿಯಾಗಿ ಆಗಬೇಕಾದರೆ ಮೈಯಲ್ಲಿ ಕೊಬ್ಬು ತುಂಬಿದರೆ ಸಾಲದು, ಸರಿಯಾದ ಬಗೆಯ ಕೊಬ್ಬು ಬೇಕು. ಹುಲ್ಲು, ಎಲೆ, ಬೀಜಗಳಲ್ಲಿ ಲಿನೋಲಿಕ್ ಆಮ್ಲದಂಥ ಕೊಬ್ಬು ಇರುತ್ತದೆ. ಮೈ ತಣ್ಣಗಾದಾಗಲೂ ಅದು ಗಟ್ಟಿಯಾಗುವುದಿಲ್ಲ, ತಣ್ಣಗಿನ ಹೃದಯ ಬಡಿಯಲು ನೆರವಾಗುತ್ತದೆ. ಮಾರ್ಮೋಟಿಗೆ ಅದನ್ನು ತಾನೇ ಮಾಡಿಕೊಳ್ಳಲು ಬರುವುದಿಲ್ಲ, ತಿನ್ನುವ ಗಿಡದಿಂದಲೇ ಬರಬೇಕು. ನಾವು ಕೊಡುವ ಬಿಸ್ಕತ್ತಿನಲ್ಲಿ ಇರುವುದು ಮೈದಾ, ಸಕ್ಕರೆ, ಪಾಮ್ ಎಣ್ಣೆ. ನೋಡಲು ಮಾರ್ಮೋಟ್ ಕೊಬ್ಬಿದ ಹಾಗೇ ಕಾಣುತ್ತದೆ, ಆದರೆ ಹೊಟ್ಟೆ ತುಂಬಬೇಕಾದ ಹುಲ್ಲಿನ ಜಾಗವನ್ನು ಬಿಸ್ಕತ್ತು ಕಿತ್ತುಕೊಂಡಿರುತ್ತದೆ. ನಾಲ್ಕೈದು ತಿಂಗಳಲ್ಲಿ ವರ್ಷದ ಊಟ ಮುಗಿಸಬೇಕಾದ ಪ್ರಾಣಿಗೆ ಇದು ಸಣ್ಣ ತೊಂದರೆ ಅಲ್ಲ.

ಜೊತೆಗೆ ನಾಯಿಗಳು. ಜನ ತಿಂಡಿ ಎಸೆಯುವ ಕಡೆ ಬೀದಿನಾಯಿಗಳು ಬಂದೇ ಬರುತ್ತವೆ. ಲಡಾಖ್‌ನಲ್ಲಿ ಇವುಗಳ ಕಾಟ ಮಾರ್ಮೋಟಿಗೆ ಮಾತ್ರವಲ್ಲ, ನೆಲದ ಮೇಲೆ ಮೊಟ್ಟೆಯಿಡುವ ಕಪ್ಪುಕೊರಳ ಕೊಕ್ಕರೆಗೂ ಇದೆ. ಮನುಷ್ಯರನ್ನು ಕಂಡು ಓಡುವುದನ್ನು ಮರೆತ ಮಾರ್ಮೋಟ್ ನಾಯಿಯ ಬಾಯಿಗೆ ಸುಲಭವಾಗಿ ಸಿಗುತ್ತದೆ. ರಸ್ತೆಗೆ ಬಂದು ಗಾಡಿಯಡಿ ಸಿಕ್ಕಿದ್ದನ್ನೂ ನಾನು ನೋಡಿದ್ದೇನೆ. ಆ ದೃಶ್ಯ ಬರೆಯಲು ಮನಸ್ಸಿಲ್ಲ.

ನಮಗೂ ಅಪಾಯ ಇದೆ. ಮಾರ್ಮೋಟಿನ ಮೈಮೇಲಿನ ಚಿಗಟಗಳು ಪ್ಲೇಗ್ ಹರಡಬಲ್ಲವು. 1910-11ರಲ್ಲಿ ಮಂಚೂರಿಯಾದಲ್ಲಿ ಸುಮಾರು 60,000 ಜನರನ್ನು ಬಲಿ ತೆಗೆದುಕೊಂಡ ಪ್ಲೇಗ್, ತುಪ್ಪಳಕ್ಕಾಗಿ ಬೇಟೆಯಾಡಿದ ಇನ್ನೊಂದು ಜಾತಿಯ ಮಾರ್ಮೋಟಿನಿಂದ ಶುರುವಾಯಿತು ಅನ್ನುತ್ತಾರೆ. ಟಿಬೆಟ್ ಪ್ರಸ್ಥಭೂಮಿಯಲ್ಲಿ ಹಿಮಾಲಯದ ಮಾರ್ಮೋಟಿನಲ್ಲೂ ಆ ರೋಗಾಣು ಸಿಕ್ಕಿದೆ. ಹೆದರಿಸಲು ಹೇಳುತ್ತಿಲ್ಲ, ದೂರದಿಂದ ನೋಡಿದವರಿಗೆ ಏನೂ ಆಗುವುದಿಲ್ಲ. ಮಗುವಿನ ಕೈಗೆ ಬಿಸ್ಕತ್ತು ಕೊಟ್ಟು 'ಹೋಗು ತಿನ್ನಿಸು' ಅನ್ನುವ ಅಪ್ಪ ಅಮ್ಮಂದಿರಿಗೆ ಇದು ಗೊತ್ತಿರಲಿ.

ಈಗ ಊರಿನಿಂದ ಯಾರಾದರೂ ಲಡಾಖ್‌ಗೆ ಹೊರಟರೆ ನಾನು ಹೇಳುವುದು ಇಷ್ಟು. ಡ್ರೈವರ್‌ಗೆ ಹಿಂದಿನ ದಿನವೇ ಹೇಳಿ, ಎಲ್ಲರೂ ನಿಲ್ಲಿಸುವ ಕಡೆ ಬೇಡ, ಅದಕ್ಕಿಂತ ಒಂದೆರಡು ಕಿಲೋಮೀಟರ್ ಮುಂದೆ ಹುಲ್ಲು ಕಾಣುವ ತಿರುವಿನಲ್ಲಿ ನಿಲ್ಲಿಸಪ್ಪ ಅಂತ. ಗಾಡಿಯನ್ನು ರಸ್ತೆ ಬಿಟ್ಟು ಹುಲ್ಲಿಗೆ ಇಳಿಸಲು ಬಿಡಬೇಡಿ, ಅಲ್ಲಿ ಟೈರಿನ ಗುರುತು ವರ್ಷಗಟ್ಟಲೆ ಉಳಿಯುತ್ತದೆ. 8×42 ಬೈನಾಕ್ಯುಲರ್ ಒಂದಿದ್ದರೆ ಸಾಕು, ದೊಡ್ಡ ಕ್ಯಾಮೆರಾ ಇಲ್ಲದಿದ್ದರೂ ನಡೆಯುತ್ತದೆ. ಟೋಪಿ, ಗಾಳಿ ತಡೆಯುವ ಜಾಕೆಟ್, ಕೂರಲು ಒಂದು ಚಾಪೆ, ಫ್ಲಾಸ್ಕಿನಲ್ಲಿ ಚಹಾ. ಬೆಳಿಗ್ಗೆ ಏಳರಿಂದ ಹತ್ತರವರೆಗೆ, ಸಂಜೆ ನಾಲ್ಕರ ಮೇಲೆ. ಜುಲೈ ಆದರೆ ಮರಿಗಳು, ಸೆಪ್ಟೆಂಬರ್ ಆದರೆ ಹುಲ್ಲು ಹೊರುವುದು. ಒಂದು ಗಂಟೆ ಅಲ್ಲಾಡದೆ ಕೂತರೆ ಸಿಳ್ಳೆ ನಿಲ್ಲುತ್ತದೆ, ಹೋದ ಸಲ ನನ್ನ ಜೊತೆ ಬಂದಿದ್ದ ತಂಗಿಯ ಮಗಳಿಗೆ ಎಂಟು ವರ್ಷ, ಅವಳೇ ಕೂತಿದ್ದಳು.